ಒಂದೇ ಬೇಲಿಗೆ ಎರಡು ಫ್ಲೆಕ್ಸು

ತೆರ್ಯೊ: ಏಣಿ ಅಲ್ಲಾಡಿಸ್ಬೇಡ ಕಣೇ, ಬಿದ್ರೆ ಸೊಂಟ ಮುರಿಯುತ್ತೆ.

ಪೆತಾಂಗ್: ಮುರೀಲಿ. ಮನೇಲೇ ಡಾಕ್ಟರ್ ಇದಾಳಲ್ಲ, ಕಟ್ಟಿಸ್ಕೊಳ್ಳಿ.

ತೆರ್ಯೊ: ಅವಳಿನ್ನೂ ಕಾಲೇಜಿನ ಬಾಗಿಲೇ ನೋಡಿಲ್ಲ.

ಪೆತಾಂಗ್: ಫ್ಲೆಕ್ಸಲ್ಲಿ ಡಾಕ್ಟರ್ ಅಂತಾನೇ ಬರೆದಿದೆ. ಕಪಿತಾನರು ಸುಳ್ಳು ಬರೆಸ್ತಾರಾ?

ತೆರ್ಯೊ: ಹೋದ ಎಲೆಕ್ಷನ್ನಲ್ಲಿ ಊರಿಗೆಲ್ಲ ಚರಂಡಿ ಆಗಿದೆ ಅಂತ ಬರೆಸಿದ್ದ. ಆ ಫ್ಲೆಕ್ಸ್ ಕಟ್ಟೋಕೆ ಹೋದೋನೇ ಕೆಸರಲ್ಲಿ ಬಿದ್ದ. ಅವನು ಸುಳ್ಳು ಬರೆಸ್ತಾನಾ ಅಂತ ನನ್ನ ಕೇಳ್ತೀಯಾ?

ಏಣಿಯ ಮೇಲಿದ್ದವನು ಟ್ರೈಸಿಕಲ್ ತೆರ್ಯೊ. ಮೋಟಾರ್ ಬೈಕಿನ ಪಕ್ಕಕ್ಕೆ ಡಬ್ಬಿಯಂಥ ಗಾಡಿ ಸಿಕ್ಕಿಸಿಕೊಂಡು ಊರವರನ್ನು ಹೇರುವುದು ಅವನ ಕಸುಬು. ಕೆಳಗೆ ಏಣಿ ಹಿಡಿದು ನಿಂತವಳು ಅವನ ಹೆಂಡತಿ ಪೆತಾಂಗ್. ಹಿಡಿದಿದ್ದಳು ಅನ್ನುವುದಕ್ಕಿಂತ ಏಣಿಯನ್ನು ಒತ್ತೆ ಇಟ್ಟುಕೊಂಡಿದ್ದಳು ಅನ್ನುವುದೇ ಸರಿ.

ಇಲೊಯ್ಲೊ ಪಟ್ಟಣದಿಂದ ಜೀಪ್ನಿ ಅನ್ನುವ ಪುಟ್ಟ ಬಸ್ಸಿನಲ್ಲಿ ಒಂದು ಗಂಟೆ ದೂರದ ಈ ಊರಿನಲ್ಲಿ ಯಾರ ಮಕ್ಕಳು ಏನು ಪಾಸಾದರೂ ಊರ ಮುಖಂಡರು ಅಭಿನಂದನೆಯ ಫ್ಲೆಕ್ಸು ಕಟ್ಟಿಸಲೇಬೇಕು. ಓದಿದವರು ಮಕ್ಕಳು, ಹಲ್ಲು ಕಿರಿಯುವವರು ಮುಖಂಡರು. ಪೆತಾಂಗಳ ಮಗಳು ಜಾಯ್ಲಿನ್‌ಗೆ ಎರಡು ಕಡೆ ಸೀಟು ಸಿಕ್ಕಿತ್ತು. ಇಲ್ಲಿ ಮೆಡಿಕಲ್ ಕಾಲೇಜು ಸೇರುವ ಮೊದಲು ನಾಲ್ಕು ವರ್ಷ ಪ್ರೀ-ಮೆಡ್ ಅಂತ ಬೇರೊಂದು ಪದವಿ ಓದಬೇಕು. ಅದಕ್ಕೆ ಒಂದು, ಇಲೊಯ್ಲೊದಲ್ಲಿ ಚರ್ಚಿನ ಸಿಸ್ಟರುಗಳು ನಡೆಸುವ ಖಾಸಗಿ ಸಂತ ಅಪೊಲೊನಿಯಾ ವಿಶ್ವವಿದ್ಯಾಲಯ. ಇನ್ನೊಂದು, ಒಂದು ಹಗಲು ಒಂದು ರಾತ್ರಿ ಹಡಗಿನಲ್ಲಿ ಹೋಗಬೇಕಾದ ಮನಿಲಾದ ಸರ್ಕಾರಿ ವಿಶ್ವವಿದ್ಯಾಲಯ. ಎರಡೂ ಕಡೆ ಫೀಸು ಮಾಫಿ ಆಗಿದ್ದರಿಂದ ದುಡ್ಡಿನ ಜಗಳಕ್ಕೆ ಅವಕಾಶವೇ ಇರಲಿಲ್ಲ. ಜಗಳವಾಡಲು ಇಷ್ಟವಿದ್ದವರಿಗೆ ಕಾರಣಕ್ಕೇನು ಬರ.

ಭಾನುವಾರ ಬಲಿಪೂಜೆ ಮುಗಿಸಿ ಚರ್ಚಿನ ಮೆಟ್ಟಿಲ ಮೇಲೆ ಪೆತಾಂಗ್ ಊರಿನ ಮುಖ್ಯಸ್ಥ ಕಪಿತಾನ್ ಹೆರ್ಮೊನ ಹೆಂಡತಿಯ ಕಿವಿಯಲ್ಲಿ 'ಸಂತ ಅಪೊಲೊನಿಯಾ' ಅಂದಳು. ಅದೇ ಹೊತ್ತಿಗೆ ಕೋಳಿ ಅಂಕದ ಕಣದಲ್ಲಿ ತೆರ್ಯೊ, ಈ ಸಲ ಕಪಿತಾನನ ಎದುರು ಚುನಾವಣೆಗೆ ನಿಲ್ಲುವ ಪಂಚಾಯ್ತಿ ಸದಸ್ಯ ಪ್ಲಾಸಿಡೊಗೆ 'ಸರ್ಕಾರಿ' ಅಂದ. ಅಷ್ಟೇ ಸಾಕಾಯಿತು. ಎರಡು ದಿನದಲ್ಲಿ ಒಂದೇ ಬಿದಿರು ಬೇಲಿಗೆ ಎರಡು ಫ್ಲೆಕ್ಸು ಬಂದು ಕೂತವು. ಒಂದರಲ್ಲಿ ಹುಡುಗಿ ಖಾಸಗಿ, ಇನ್ನೊಂದರಲ್ಲಿ ಸರ್ಕಾರಿ. ಎರಡರಲ್ಲೂ ಮುಖಂಡನ ಮುಖ ಚಾಪೆಯಷ್ಟು, ಜಾಯ್ಲಿನ್‌ಳ ಮುಖ ಮೂಲೆಯಲ್ಲಿ ಅಂಗೈಯಷ್ಟು.

ಇವತ್ತು ಸಂಜೆಯೊಳಗೆ ಯಾವುದೆಂದು ಮೊಬೈಲಿನಲ್ಲಿ ಒಪ್ಪಿಗೆ ಒತ್ತಬೇಕಿತ್ತು. ಹುಡುಗಿ ಮೊಬೈಲಿಗೆ ಕರೆನ್ಸಿ ಹಾಕಿಸಲು ಹೋದದ್ದೇ ತಡ, ಕಪಿತಾನನ ಫ್ಲೆಕ್ಸು ಕಿತ್ತುಹಾಕಿದರೆ ವಿಷಯ ಇತ್ಯರ್ಥವಾದಂತೆ ಅಂದುಕೊಂಡು ತೆರ್ಯೊ ಏಣಿ ಹತ್ತಿದ್ದ.

ಪೆತಾಂಗ್: ಸಂತ ಅಪೊಲೊನಿಯಾದಲ್ಲಿ ಕ್ಲಾಸ್‌ರೂಮಿಗೆಲ್ಲ ಎಸಿ ಇದೆ ರೀ. ಬಿಳೀ ಯೂನಿಫಾರಂ. ಸಿಸ್ಟರುಗಳು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಾರೆ.

ತೆರ್ಯೊ: ಡಾಕ್ಟರ್ ಆಗೋಕೆ ಕಳಿಸ್ತಿದೀಯೋ, ತಣ್ಣಗಿರೋಕೆ ಕಳಿಸ್ತಿದೀಯೋ? ತಣ್ಣಗಿರೋಕಾದ್ರೆ ಮೀನಿಗೆ ಐಸ್ ಮಾಡೋ ಫ್ಯಾಕ್ಟರೀಲಿ ಕೆಲಸ ಖಾಲಿ ಇದೆ.

ಪೆತಾಂಗ್: ನಿಮ್ಮ ಸರ್ಕಾರದ್ದರಲ್ಲಿ ಫ್ಯಾನೇ ತಿರುಗಲ್ವಂತೆ. ಮೈಕ್ರೋಸ್ಕೋಪ್ ಒಂದು, ನೋಡೋರು ನಲವತ್ತು ಜನ. ಇವಳ ಸರದಿ ಬರೋಷ್ಟರಲ್ಲಿ ಒಳಗಿರೋ ಹುಳ ಮುಪ್ಪಾಗಿ ಸತ್ತಿರುತ್ತೆ.

ತೆರ್ಯೊ: ಅಲ್ಲಿ ಸೀಟಿಗೆ ದೇಶದ ಮಕ್ಕಳೆಲ್ಲ ಪರೀಕ್ಷೆ ಬರೆದು ಅಳ್ತಾ ವಾಪಸ್ ಹೋಗ್ತಾರೆ. ನಮ್ಮವಳು ಗೆದ್ದಿದಾಳೆ. ನಿನ್ನ ಸಂತ ಅಪೊಲೊನಿಯಾದವರು ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅಂತ ಕರೀತಾರೆ.

ಪೆತಾಂಗ್: ಕರೆಯೋದು ತಪ್ಪಾ? ನೀವು ಟ್ರೈಸಿಕಲ್ ಸ್ಟ್ಯಾಂಡಲ್ಲಿ ನಿಂತು ಮಾಡೋದೇನು?

ಏಟು ಸರಿಯಾದ ಜಾಗಕ್ಕೆ ಬಿದ್ದಿತ್ತು. ತೆರ್ಯೊ ತಂತಿಯ ಗಂಟನ್ನು ಜೋರಾಗಿ ತಿರುಚಿದ.

ತೆರ್ಯೊ: ಹೋಗ್ಲಿ, ಅಪೊಲೊನಿಯಾ ಯಾತಕ್ಕೆ ಸಂತಳಾದ್ಲು ಗೊತ್ತಾ? ಹಲ್ಲುನೋವು ಬಂದೋರು ಬೇಡ್ಕೊಳ್ಳೋ ಸಂತಳು ಅವಳು. ಅಲ್ಲಿ ಓದಿದ್ರೆ ಹುಡುಗಿ ಹಲ್ಲು ಕೀಳೋಳಾಗ್ತಾಳೆ ಅಷ್ಟೆ.

ಪೆತಾಂಗ್: ಹಲ್ಲು ಕೀಳೋದು ಮರ್ಯಾದಸ್ಥರ ಕೆಲಸ. ನಿಮ್ಮದರಲ್ಲಿ ಓದಿದ್ರೆ ಬೆಟ್ಟ ಹತ್ತುತ್ತಾಳೆ.

ಬೆಟ್ಟ ಹತ್ತುವುದೆಂದರೆ ಬಂದೂಕು ಹಿಡಿದು ಸರ್ಕಾರದ ಮೇಲೆ ತಿರುಗಿಬಿದ್ದವರ ಜೊತೆ ಸೇರುವುದು. ಸರ್ಕಾರಿ ವಿಶ್ವವಿದ್ಯಾಲಯದ ಹೆಸರೆತ್ತಿದರೆ ಈ ಕಡೆಯ ತಾಯಂದಿರ ಕಣ್ಣಿಗೆ ಮೊದಲು ಕಾಣುವುದು ಕೆಂಪು ಬಾವುಟ, ಆಮೇಲೆ ಕಟ್ಟಡ.

ಪೆತಾಂಗ್: ಮೊದಲನೇ ವರ್ಷ ಪುಸ್ತಕ, ಎರಡನೇ ವರ್ಷ ಬಾವುಟ, ಮೂರನೇ ವರ್ಷ ಬೆಟ್ಟ. ಕೇಳಿ ಬೇಕಾದ್ರೆ ಯಾರನ್ನಾದ್ರೂ.

ತೆರ್ಯೊ: ಬೆಟ್ಟದಲ್ಲಿರೋರಿಗೂ ಜ್ವರ ಬರುತ್ತೆ ಕಣೇ. ಡಾಕ್ಟರ್ ಬೇಡ್ವಾ ಅವರಿಗೆ?

ಪೆತಾಂಗ್: ಬಿಟ್ಟೆ ನೋಡಿ ಏಣಿ.

ತೆರ್ಯೊ: ಹಿಡ್ಕೋ, ಹಿಡ್ಕೋ. ಬೆಟ್ಟ ಹತ್ತಲ್ಲ, ಮೆಟ್ಟಿಲೂ ಹತ್ತಲ್ಲ. ನೆಲ ಅಂತಸ್ತಲ್ಲೇ ಓದ್ತಾಳೆ.

ಪೆತಾಂಗಳಿಗೆ ಎಸಿಯೂ ಬೇಕಿರಲಿಲ್ಲ, ಬೆಟ್ಟದ ಭಯವೂ ಅಷ್ಟೇನಿರಲಿಲ್ಲ. ಇಲೊಯ್ಲೊ ಆದರೆ ಮಗಳು ಸಂಜೆ ಜೀಪ್ನಿ ಹತ್ತಿ ಊಟಕ್ಕೆ ಮನೆಗೆ ಬರುತ್ತಾಳೆ, ಮನಿಲಾ ಆದರೆ ಕ್ರಿಸ್ಮಸ್ಸಿಗೆ ಬರುತ್ತಾಳೆ. ಅವಳ ಲೆಕ್ಕ ಇಷ್ಟೇ. ದೊಡ್ಡ ಮಗ ಆಗಲೇ ಸರಕಿನ ಹಡಗು ಸೇರಿ, ಫೋನಿನ ಪರದೆಯಲ್ಲಿ ಮುಖ ತೋರಿಸಿ ಮಾಯವಾಗುವ ನೆಂಟನಾಗಿದ್ದ. ಇವಳೂ ಹೋದರೆ ಒಣಮೀನು ಹುರಿದು ಯಾರಿಗೆ ಬಡಿಸುವುದು? ಗಂಡನಿಗೆ ಬಡಿಸಬಹುದು. ಆದರೆ ಗಂಡನಿಗೆ ಬಡಿಸುವುದನ್ನು ಬಡಿಸುವುದು ಎಂದು ಪೆತಾಂಗ್ ಲೆಕ್ಕಕ್ಕೇ ಹಿಡಿದಿರಲಿಲ್ಲ. ಈ ಸಂಕಟವನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಬೆಳಗಿನಿಂದ ಎಸಿ ಎಸಿ ಅನ್ನುತ್ತಿದ್ದಳು.

ಅಷ್ಟರಲ್ಲಿ ಜಾಯ್ಲಿನ್ ಬಂದಳು. ಅಪ್ಪನನ್ನು ನೋಡಿದಳು, ಏಣಿಯನ್ನು ನೋಡಿದಳು, ಅಮ್ಮನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

ಜಾಯ್ಲಿನ್: ಇಳಿಯಪ್ಪ. ನಾನು ಸಂತ ಅಪೊಲೊನಿಯಾಗೇ ಹೋಗ್ತೀನಿ.

ಪೆತಾಂಗ್: ಕೇಳಿಸ್ತೇನ್ರೀ ಮೇಲಕ್ಕೆ? ಬುದ್ಧಿ ಇದೆ ಹುಡುಗಿಗೆ, ನಮ್ಮ ತವರಿನ ಕಡೆಯಿಂದ ಬಂದಿರೋದು. ಆ ಎಸಿ ರೂಮಲ್ಲಿ ಕೂತ್ಕೊಂಡು...

ಜಾಯ್ಲಿನ್: ಎಸಿಗೋಸ್ಕರ ಅಲ್ಲಮ್ಮ.

ಪೆತಾಂಗ್: ಹಾಗಾದ್ರೆ ಸಿಸ್ಟರುಗಳು. ಅದೂ ಒಳ್ಳೇದೇ.

ಜಾಯ್ಲಿನ್: ಅವರಿಗೂ ಅಲ್ಲ. ನೀನು ಒಬ್ಬಳೇ ಆಗ್ತೀಯಲ್ಲ, ಅದಕ್ಕೆ.

ಪೆತಾಂಗ್: ಯಾರು ಹೇಳಿದ್ದು ನಿಂಗೆ?

ಜಾಯ್ಲಿನ್: ಹೇಳೋದೇನು? ಮಾಲ್ ಒಳಗೆ ಕಾಲಿಟ್ಟ ತಕ್ಷಣ ಚಳಿ ಅಂತ ತಲೆಗೆ ಟವಲ್ ಸುತ್ಕೋತೀಯ. ಹಾಡಿನ ಗುಂಪಿಗೆ ಸೇರಿಸ್ಕೊಳ್ಳಲಿಲ್ಲ ಅಂತ ಸಿಸ್ಟರುಗಳ ಜೊತೆ ಮಾತು ಬಿಟ್ಟಿದೀಯ. ಅಂಥೋಳು ಎಸಿ, ಸಿಸ್ಟರು ಅಂತ ಏಣಿ ಹಿಡ್ಕೊಂಡು ನಿಂತಿದೀಯ ಅಂದ್ರೆ ನನಗೆ ಅರ್ಥ ಆಗಲ್ವಾ?

ಗೆದ್ದವಳು ನಗಬೇಕಿತ್ತು. ಪೆತಾಂಗಳಿಗೆ ಮಾತ್ರ ಕೆಂಡದಂಥ ಸಿಟ್ಟು ಬಂತು. ಹೆತ್ತ ಮಗಳು ತನ್ನನ್ನು ನೋಡಿ ಅಯ್ಯೋ ಪಾಪ ಅಂದುಬಿಟ್ಟಿದ್ದಳು.

ಪೆತಾಂಗ್: ಓಹೋ. ಓದೋದು ಶುರು ಮಾಡೋಕ್ ಮುಂಚೇನೇ ಅಮ್ಮನ್ನ ರೋಗಿ ಮಾಡ್ಕೊಂಡ್ಯಾ?

ಜಾಯ್ಲಿನ್: ಸುಳ್ಳಾ ನಾನು ಹೇಳಿದ್ದು?

ಪೆತಾಂಗ್: ನಿಜಾನೇ. ಏನೀಗ? ಅಳು ಬಂದ್ರೆ ಅಳ್ತೀನಿ, ಅದು ನನ್ನ ಕೆಲಸ. ಮನಿಲಾದ್ದು ಪಾಸಾಯ್ತು ಅಂತ ಗೊತ್ತಾದ ದಿನ ನೀನು ಕೋಳಿಗಳೆಲ್ಲ ಬೆದರಿ ಓಡೋ ಹಾಗೆ ಅಂಗಳದಲ್ಲಿ ಕುಣಿದೆ. ಸಂತ ಅಪೊಲೊನಿಯಾದ್ದು ಬಂದಾಗ ಹೂಂ ಅಂದು ಅನ್ನ ತಿಂದೆ. ನಾನೇನು ಕುರುಡಿನಾ? ಸುಮ್ನೆ ಮನಿಲಾಗೆ ಹೋಗು.

ಏಣಿಯ ಮೇಲೆ ಗಂಟು ಬಿಚ್ಚುತ್ತಿದ್ದ ಕೈ ನಿಂತುಹೋಯಿತು.

ತೆರ್ಯೊ: ಒಂದು ನಿಮಿಷ. ಮನಿಲಾಗಾ?

ಪೆತಾಂಗ್: ಮತ್ತಿನ್ನೇನು? ಬೆಳಗ್ಗಿನಿಂದ ಅದೇ ತಾನೇ ಬಡ್ಕೋತಿದೀರಿ.

ತೆರ್ಯೊ: ಬಡ್ಕೋತಿದ್ದೆ. ನೀನು ಬೇಡ ಅಂತೀಯ ಅನ್ನೋ ಧೈರ್ಯದಲ್ಲಿ ಬಡ್ಕೋತಿದ್ದೆ.

ಪೆತಾಂಗ್: ಏನಂದ್ರಿ?

ತೆರ್ಯೊ: ಈ ಮನೇಲಿ ನಾನು ಹೇಳಿದ್ದು ಯಾವತ್ತು ನಡೆದಿದೆ? ಇವತ್ತೂ ನಡೆಯಲ್ಲ ಅಂದ್ಕೊಂಡು ಹೇಳ್ದೆ. ಮನಿಲಾದಲ್ಲಿ ಮಳೆ ಬಂದ್ರೆ ಸೊಂಟದವರೆಗೂ ನೀರು ನಿಲ್ಲುತ್ತೆ ಕಣೇ. ಬೆಟ್ಟ ಬೇರೆ.

ಪೆತಾಂಗ್: ಮನಿಲಾದಲ್ಲಿ ಎಲ್ಲಿದೆ ಬೆಟ್ಟ?

ತೆರ್ಯೊ: ಇರುತ್ತೆ ಅಕ್ಕಪಕ್ಕದಲ್ಲಿ. ಸಂತ ಅಪೊಲೊನಿಯಾನೂ ಅಂಥಾ ಕೆಟ್ಟದ್ದೇನಲ್ಲ. ಹಲ್ಲು ಕೀಳೋದು ಮರ್ಯಾದಸ್ಥರ ಕೆಲಸ ಅಂತ ನೀನೇ ಹೇಳ್ದೆ. ದಿನಾ ನಾನೇ ಗಾಡೀಲಿ ಜೀಪ್ನಿ ಸ್ಟಾಪಿಗೆ ಬಿಡ್ತೀನಿ, ಕರ್ಕೊಂಡು ಬರ್ತೀನಿ.

ಹಾಗೆನ್ನುತ್ತಲೇ ಅವನು ಬಿಚ್ಚಿದ ತಂತಿಯನ್ನು ಮತ್ತೆ ಬೇಲಿಗೆ ಸುತ್ತತೊಡಗಿದ. ಜೋತು ಬಿದ್ದಿದ್ದ ಕಪಿತಾನನ ಮುಖ ನಿಧಾನವಾಗಿ ಮೇಲೇರಿತು.

ಪೆತಾಂಗ್: ಕಟ್ಬೇಡಿ ಅದನ್ನ. ಕಟ್ಟಿದ್ರೆ ಏಣಿ ಬಿಡ್ತೀನಿ.

ತೆರ್ಯೊ: ಆಗ ಬಿಚ್ತಿದ್ದಾಗಲೂ ಬಿಡ್ತೀನಿ ಅಂದೆ, ಈಗ ಕಟ್ಟಿದ್ರೂ ಬಿಡ್ತೀನಿ ಅಂತೀಯ. ನಾನು ಇಲ್ಲಿ ಏನು ಗಾಳಿ ಕುಡೀತಾ ನಿಂತಿರ್ಲಾ?

ಪೆತಾಂಗ್: ಬಾವುಟ ಹಿಡೀತಾಳೆ ಅಂತ ಭಯಾನಾ? ಹಿಡೀಲಿ. ಕೈ ಗಟ್ಟಿಯಾಗುತ್ತೆ.

ತೆರ್ಯೊ: ಇವಳೇ ಬೆಟ್ಟ ಹತ್ತೋ ಹಾಗಿದಾಳಪ್ಪ.

ಜಾಯ್ಲಿನ್: ಒತ್ತಿಬಿಟ್ಟೆ.

ಇಬ್ಬರೂ ತಿರುಗಿದರು. ಹುಡುಗಿ ಮೊಬೈಲನ್ನು ಎದೆಗೆ ಒತ್ತಿ ಹಿಡಿದಿದ್ದಳು.

ತೆರ್ಯೊ: ಯಾವುದನ್ನ?

ಜಾಯ್ಲಿನ್: ಮನಿಲಾದ್ದು. ನೀವಿಬ್ರೂ ಮತ್ತೆ ಪಕ್ಷ ಬದಲಾಯಿಸೋಕ್ ಮುಂಚೆ ಒತ್ಬಿಡೋಣ ಅಂತ.

ತೆರ್ಯೊ ಏಣಿಯಿಂದ ಇಳಿದು, ಕಣ್ಣಿಗೆ ತಂತಿಯ ತುಕ್ಕು ಬಿತ್ತು ಅಂತ ಯಾರೂ ಕೇಳದಿದ್ದರೂ ಹೇಳಿ, ಟವಲಿನಿಂದ ಮುಖ ಒರೆಸಿಕೊಂಡ. ಮಗಳು ಅವನ ಹೆಗಲ ಮೇಲೆ ಕೈಯಿಟ್ಟು ನಿಂತಳು. ಪೆತಾಂಗ್ ಒಳಗೆ ಹೋದಳು. ಅಳಲಿಕ್ಕೆ ಹೋದಳು ಅಂದುಕೊಂಡರು. ಅತ್ತದ್ದೂ ನಿಜವೇ, ಕಣ್ಣು ಕೆಂಪಗಿದ್ದವು. ಆದರೆ ಹೊರಗೆ ಬಂದಾಗ ಅವಳ ಕೈಯಲ್ಲಿ ಮೀನು ಕತ್ತರಿಸುವ ದೊಡ್ಡ ಕತ್ತರಿ ಇತ್ತು.

ಪೆತಾಂಗ್: ಹಿಡ್ಕೊಳ್ಳಿ ಏಣಿ. ಅಲ್ಲಾಡಿಸಿದ್ರೆ ನೋಡಿ.

ಅವಳು ಹತ್ತಿದಳು. ಕಪಿತಾನನ ಫ್ಲೆಕ್ಸಿನ ಮೂಲೆಯಿಂದ ಮಗಳ ಮುಖವನ್ನು ನಾಲ್ಕೂ ಕಡೆ ಕತ್ತರಿಸಿ ತೆಗೆದಳು. ಇಳಿದು, ಏಣಿಯನ್ನು ಪಕ್ಕಕ್ಕೆ ಸರಿಸಿ, ಸದಸ್ಯ ಪ್ಲಾಸಿಡೊನ ಫ್ಲೆಕ್ಸಿನಿಂದಲೂ ತೆಗೆದಳು. ಎರಡನ್ನೂ ತನ್ನ ಏಪ್ರನ್ನಿನ ಜೇಬಿನಲ್ಲಿ ಇಟ್ಟು ಮೇಲಿಂದ ಒಮ್ಮೆ ತಟ್ಟಿದಳು. ಬೇಲಿಯ ಮೇಲೆ ಇಬ್ಬರು ಮುಖಂಡರು, ತಲಾ ಒಂದು ಅಂಗೈಯಗಲದ ತೂತಿನ ಪಕ್ಕದಲ್ಲಿ, ಯಾರಿಗೆ ಅಭಿನಂದನೆ ಅಂತ ಗೊತ್ತಿಲ್ಲದೆ ನಗುತ್ತಾ ಉಳಿದರು.

ತೆರ್ಯೊ: ನಾಳೆ ಇಬ್ಬರ ಕಡೆಯೋರೂ ಬಂದು ಕೇಳ್ತಾರೆ ಕಣೇ, ಹುಡುಗಿ ಎಲ್ಲಿ ಅಂತ. ಏನು ಹೇಳ್ಲಿ?

ಪೆತಾಂಗ್: ಓದೋಕೆ ಹೋದ್ಲು ಅನ್ನಿ.