ಲಾರ್ಯೆ ಹೋದ ಪೆಟ್ಟಿಗೆ

ಲಾರ್ಯೆ ಸತ್ತ ಸುದ್ದಿ ಕೇಳಿ ಬಡಗಿ ಒಬ್ಲಿಟೆ ಉಳಿ ಕೆಳಗಿಟ್ಟು ದುಃಖಪಡಲು ನೋಡಿದ. ಆಗಲಿಲ್ಲ. ಅವರ ಊರು ಟೆಶಿಯಲ್ಲಿ ಸತ್ತವರು ತಮ್ಮ ಕಸುಬಿನ ಆಕಾರದ ಶವಪೆಟ್ಟಿಗೆಯಲ್ಲೇ ಹೋಗುತ್ತಿದ್ದರು: ಬೆಸ್ತ ಮೀನಿನಲ್ಲಿ, ಡ್ರೈವರ್ ಲಾರಿಯಲ್ಲಿ, ಈರುಳ್ಳಿಯವಳು ಈರುಳ್ಳಿಯಲ್ಲಿ. ಕೆತ್ತುತ್ತಿದ್ದವನು ಒಬ್ಲಿಟೆ. ಎದುರಂಗಡಿಯ ಲಾರ್ಯೆ ಅಮೆರಿಕದಿಂದ ಥಳಥಳಿಸುವ ಉಕ್ಕಿನ ಪೆಟ್ಟಿಗೆ ತರಿಸತೊಡಗಿದ ಮೇಲೆ ಊರಿನ ಹೆಣಗಳೆಲ್ಲ ರಸ್ತೆ ದಾಟಿಬಿಟ್ಟಿದ್ದವು.

ಈಗ ಲಾರ್ಯೆಯ ಹೆಂಡತಿ ಡೆಡೆಯೇ ರಸ್ತೆ ದಾಟಿ ಬಂದಳು.

"ಅಣ್ಣಾ, ನಮ್ಮವರಿಗೊಂದು ಪೆಟ್ಟಿಗೆ ಕೆತ್ತಿಕೊಡು."

"ಯಾವ ಆಕಾರ?"

"ಅವರು ಮಾರ್ತಿದ್ದದ್ದೇನು? ಅಮೆರಿಕದ ಪೆಟ್ಟಿಗೆ. ಅದೇ ಆಕಾರ."

"ಅಂಗಡಿ ತುಂಬ ಅವೇ ಇವೆಯಲ್ಲಮ್ಮ! ಒಂದರಲ್ಲಿ ಮಲಗಿಸು."

"ಚೆನ್ನಾಗಿದೆ! ಬೆಸ್ತರನ್ನ ನಿಜವಾದ ಮೀನೊಳಗೆ ಹಾಕ್ತೀವಾ?"

ಒಬ್ಲಿಟೆ ಉಳಿ ಕೈಗೆತ್ತಿಕೊಂಡ. ಶವಯಾತ್ರೆಗೆ ಊರೆಲ್ಲ ಸೇರುತ್ತದೆ. ತನ್ನ ಕೈಚಳಕ ಕಂಡರೆ ಗಿರಾಕಿಗಳು ಮರಳಿಯಾರು ಎಂದು ಒಬ್ಲಿಟೆ ಮರವನ್ನು ಕನ್ನಡಿಯಂತೆ ಉಜ್ಜಿ ಉಕ್ಕಿನ ಬಣ್ಣ ಬಳಿದ.

ಶವಯಾತ್ರೆಯ ಬೆಳಿಗ್ಗೆಯೇ ಫಜೀತಿ. ಡೆಡೆ ಅವನ ಪೆಟ್ಟಿಗೆಯನ್ನು ತನ್ನ ಅಂಗಡಿಯ ಉಕ್ಕಿನ ಪೆಟ್ಟಿಗೆಗಳ ಸಾಲಿನಲ್ಲೇ ಇಡಿಸಿದ್ದಳು. ಯಾವುದು ಮರ, ಯಾವುದು ಉಕ್ಕು ಎಂದು ಕೆತ್ತಿದವನಿಗೇ ತಿಳಿಯಲಿಲ್ಲ. ಎತ್ತಿ ನೋಡಲು ಸೊಂಟ ಬಿಡಲಿಲ್ಲ. ಒಂದೊಂದನ್ನೇ ಕುಟ್ಟಿ, ಕಿವಿಯಿಟ್ಟು ಕೇಳುತ್ತಾ ಹೋದ.

"ಒಳಗಿಂದ ಯಾರಾದ್ರೂ 'ಬಂದೆ' ಅಂದ್ರಾ?" ಎಂದಳು ಪಕ್ಕದಲ್ಲಿ ಜೋಳದ ಹಿಟ್ಟಿನ ಕೆಂಕಿ ಉಂಡೆ ಮಾರುವ ಆಯೆಲೆ.

ಕೊನೆಗೆ ಒಂದು ಪೆಟ್ಟಿಗೆ 'ಟೊಕ್' ಎಂದಿತು. ಹೊರುವವರು ಲಾರ್ಯೆಯನ್ನು ಅದರಲ್ಲಿ ಮಲಗಿಸಿ, ಹೆಗಲ ಮೇಲಿಟ್ಟು ಕುಣಿಯುತ್ತಾ ಹೊರಟರು.

"ಏನು ಹೊಳಪು! ಅಮೆರಿಕದೋರ ಕೈಗೆ ಚಿನ್ನದ ಬಳೆ ತೊಡಿಸ್ಬೇಕು!" ಎಂದರು ನೆರೆದ ಜನ.

"ಅದು ನನ್ನ ಕೈ!" ಒಬ್ಲಿಟೆ ಕೂಗಿದ. "ಮರ ಕಣ್ರೋ!"

"ಪಾಪ, ಹೊಟ್ಟೆಕಿಚ್ಚು ತಲೆಗೇರಿದೆ. ನೀರು ಕೊಡ್ರೋ."

ಕುಟ್ಟಿಯೇ ತೋರಿಸುತ್ತೇನೆಂದು ಕೈಯೆತ್ತಿ ಓಡಿದ. ಹೊರುವವರು ಇವನೂ ಕುಣಿಯಲು ಬಂದನೆಂದು ನಡುವೆ ಎಳೆದುಕೊಂಡರು. ಒಬ್ಲಿಟೆ ಹಗೆಯ ಶವದ ಮುಂದೆ ಸಮಾಧಿಯವರೆಗೂ ಕುಣಿದ.

ಸಂಜೆ ಡೆಡೆ ಓಡಿಬಂದಳು. "ಅಣ್ಣಾ, ಎಲ್ರಿಗೂ ನಮ್ಮವರು ಹೋದಂಥದ್ದೇ ಬೇಕಂತೆ! ಅಂಗಡೀಲಿರೋವು ಅಷ್ಟು ಹೊಳೆಯಲ್ವಂತೆ. ನೀನೇ ಕೆತ್ತಬೇಕು."

ಒಬ್ಲಿಟೆಯ ಮುಖ ಅರಳಿತು. "ಮುಚ್ಚಳದ ಮೇಲೆ ನನ್ನ ಹೆಸರು..."

"ಅಯ್ಯೋ, ಬೇಡ! ಟೆಶಿ ಮಾಲು ಅಂತ ಗೊತ್ತಾದ್ರೆ ಯಾರು ತಗೋತಾರೆ? 'ಅಮೆರಿಕ' ಅಂತ ಬರಿ."

ಅವಳು ಹೋದ ಮೇಲೆ ಆಯೆಲೆ ಬಿಸಿ ಉಂಡೆಯೊಂದನ್ನು ಅವನ ಕೈಗಿಟ್ಟಳು.

"ಬಿಡಣ್ಣ. ನೀನು ಹೋಗೋವಾಗ ಯಾವ ಆಕಾರ ಅಂತ ನಮಗಿನ್ನು ತಲೆನೋವಿಲ್ಲ. ನಿನ್ನ ಕಸುಬೂ ಅಮೆರಿಕದ ಪೆಟ್ಟಿಗೆ." ಸ್ವಲ್ಪ ಯೋಚಿಸಿ ಕೇಳಿದಳು, "ಆದ್ರೆ ಆಗ ಕೆತ್ತೋರು ಯಾರು? ಈಗಲೇ ಒಂದು ಜಾಸ್ತಿ ಕೆತ್ತಿಟ್ಕೊಂಡ್ಬಿಡು."