ಐಸ್ ಕರಗದ ಪೆಟ್ಟಿಗೆ

ಕಂಪ್ಯೂಟರ್ ಅಂದರೆ ಕೆಲಸವಿಲ್ಲದವರು ಕೂತು ನೋಡುವ ವಸ್ತು ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದವಳು. ಈಗ ಅದರ ಮುಂದಿನಿಂದ ನನ್ನನ್ನು ಎಬ್ಬಿಸಬೇಕಾದರೆ ಗಂಜಿ ತಣಿಯಿತು ಎಂದು ಮನೆಯವರು ಕೂಗಿ ಕೂಗಿ ಸಾಕಾಗಬೇಕು.

ಇದಕ್ಕೆಲ್ಲ ಕಾರಣ ಬಸ್ಸಿನ ಕಂಡಕ್ಟರ್. ಗಂಗೊಳ್ಳಿಯ ಬಂಗುಡೆ ಮೀನನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಸಿದ್ದಾಪುರಕ್ಕೆ ಒಯ್ದು ಮಾರುವುದು ನನ್ನ ಕೆಲಸ. ಐಸ್ ಕರಗಿ ಬಸ್ಸಿನೊಳಗೆಲ್ಲ ನೀರು. "ಅಮ್ಮ, ಇನ್ನೊಂದ್ ಸಲ ಸೋರಿರೆ ನಿಮ್ಮನ್ನ ಹತ್ಸುದಿಲ್ಲ ಕಾಣಿ," ಎಂದ. ಆ ಹೊತ್ತಿಗೆ ಬೇರೆ ಬಸ್ಸಿಲ್ಲ. ಅದು ತಪ್ಪಿದರೆ ವ್ಯಾಪಾರವೂ ಮುಗಿಯಿತು.

ಮೊಮ್ಮಗಳು ಸುಜಾತ ಕುಂದಾಪುರದ ಕಾಲೇಜಿನಲ್ಲಿ ಕಲಿಯುವುದು ಇಂಥದ್ದನ್ನೇ ಅಂತೆ. ನಡೆಯುವ ಸಂಗತಿಯನ್ನು ಲೆಕ್ಕಕ್ಕೆ ಇಳಿಸಿ, ಕಂಪ್ಯೂಟರಿನಲ್ಲಿ ಮೊದಲೇ ನಡೆಸಿ ನೋಡುವುದು. ಪೆಟ್ಟಿಗೆಯ ದಪ್ಪ, ಐಸು, ಬಿಸಿಲು ಎಲ್ಲವನ್ನೂ ಮನೆಗೆ ತಂದ ತನ್ನ ಕಂಪ್ಯೂಟರಿಗೆ ತುಂಬಿದಳು. ಪರದೆಯ ಮೇಲೆ ನನ್ನ ಬಸ್ಸು ಹೊರಟೇಬಿಟ್ಟಿತು. ನಾನು ಕುರ್ಚಿ ಎಳೆದುಕೊಂಡೆ.

"ಹೆಣೆ, ಬಿಸ್ಲ್ ಜಾಸ್ತಿ ಮಾಡ್. ಈಗ ಬಸ್ ಕೆಡ್ಸ್, ಕಾಂಬ," ಎಂದು ಮೊಮ್ಮಗಳಿಗೆ ಹುಕುಂ ಮಾಡಿದೆ.

ನಮ್ಮ ಚಾವಡಿಯಲ್ಲಿ ಕೂತೇ ನಾನು ಸಿದ್ದಾಪುರಕ್ಕೆ ಎಷ್ಟು ಸಲ ಹೋಗಿ ಬಂದೆನೋ. ಒಂದು ಮೀನೂ ಹಾಳಾಗದೆ ಬಸ್ಸು ಕೆಡಿಸುವ ಸುಖ ಯಾರಿಗುಂಟು?

ಸುಜಾತ ಕೇಳಿದಳು. "ಅಮ್ಮಮ್ಮ, ದಾರಿಯಗೆ ಮುಚ್ಚಳ ತೆಗೀತ್ಯಾ?"

"ತೆಗೀದೆ ಇಪ್ಪುಕ್ ಆತ್ತಾ? ಬಸ್ ಹತ್ದವ್ರಿಗೆಲ್ಲ ಮೀನಿನ ಕಿವಿರು ಎತ್ತಿ ಕೆಂಪ್ ತೋರ್ಸ್ಕ್. ಇಲ್ದಿರೆ ತಾಜಾ ಅಂದ್ರೆ ಯಾರ್ ನಂಬ್ತ್ರ್?"

ಅದನ್ನೂ ಲೆಕ್ಕಕ್ಕೆ ಸೇರಿಸಿದಳು. ಐಸು ಎಷ್ಟು ಉಳಿದಿದೆ ಎಂದು ಪರದೆಯಲ್ಲಿ ತೋರಿಸುವ ಗೆರೆ ಧೊಪ್ಪನೆ ಇಳಿಯಿತು. "ಐಸ್ ಕರಗ್ಸುದ್ ಬಿಸ್ಲಲ್ಲ, ನೀನೇ," ಎಂದಳು. ಮುಚ್ಚಿಟ್ಟು ನಡೆಸಿದರೆ ಸಿದ್ದಾಪುರದವರೆಗೂ ಒಂದು ಹನಿ ಸೋರಲಿಲ್ಲ. ಬೈದವರಿಗೆಲ್ಲ ತಿರುಗಿ ಬೈದವಳು ನಾನು. ಗೆರೆಗೆ ಏನೆಂದು ಬೈಯುವುದು?

ಮರುದಿನ ಮುಚ್ಚಳಕ್ಕೆ ಹಗ್ಗ ಬಿಗಿದು ಬಸ್ಸು ಹತ್ತಿದೆ. ಅರ್ಧ ದಾರಿ ಕಳೆದರೂ ನೆಲ ಒಣಗಿಯೇ ಇತ್ತು. ಕಂಡಕ್ಟರ್ ಬಗ್ಗಿ ನೋಡಿದ. "ಎಂತ ಅಮ್ಮ, ಇವತ್ತ್ ಪೆಟ್ಟಿಗೆ ಖಾಲಿಯಾ?"

ಖಾಲಿಯಂತೆ. ನನಗೆ ತಡೆಯಲಾಗಲಿಲ್ಲ. ಹಗ್ಗ ಬಿಚ್ಚಿ, ಮುಚ್ಚಳ ಪಕ್ಕದ ಸೀಟಿಗೆ ಒರಗಿಸಿ, ಐಸ್ ಹೇಗೆ ಕರಗುವುದಿಲ್ಲ ಎಂದು ಇಡೀ ಬಸ್ಸಿಗೆ ಮೊದಲಿನಿಂದ ವಿವರಿಸಿದೆ. ಜನ ಬಾಯಿ ಬಿಟ್ಟು ಕೇಳಿದರು. ನನ್ನ ಮಾತು ಮುಗಿಯುವಾಗ ಸಿದ್ದಾಪುರ ಬಂದಿತ್ತು, ಕಂಡಕ್ಟರ್ ಮಾತ್ರ ತನ್ನ ಒದ್ದೆ ಚಪ್ಪಲಿ ಎತ್ತಿ ನೋಡುತ್ತಿದ್ದ.