ಬಿಳಿ ಮಾತ್ರೆಯೂ ಸಾಹಿರಾ ಟೀಚರ ಜರಡಿಯೂ

ಉಪದೇಶ ಮಾಡುವುದು ನನ್ನ ದೌರ್ಬಲ್ಯ. ಕೇಳುವವರು ಸಿಕ್ಕಿದರೆ ಸಾಕು, ಚಾ ತಣ್ಣಗಾದದ್ದೂ ಗೊತ್ತಾಗುವುದಿಲ್ಲ. ಮೂಡುಬಿದಿರೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುತ್ತಲೇ ನನ್ನ ತಲೆ ಹಣ್ಣಾಯಿತು. ರಿಪೋರ್ಟು ಕೈಗೆ ಕೊಡುವಾಗ ಬೆಳುವಾಯಿಯ ಅಜ್ಜಿಯಿಂದ ಹಿಡಿದು ದುಬೈಯಿಂದ ರಜೆಗೆ ಬಂದ ಹಾಜಿಯವರ ತನಕ ಒಬ್ಬರನ್ನೂ ನಾನು ಸುಮ್ಮನೆ ಕಳಿಸಿದವನಲ್ಲ. "ಮದ್ದು ಅರ್ಧಕ್ಕೆ ಬಿಡಬೇಡಿ, ಆಯ್ತಾ? ನೀವು ಬಿಟ್ರೆ ಕ್ರಿಮಿ ಕಲಿತುಕೊಳ್ತದೆ." ಇಷ್ಟು ಸಾಲದೆಂದು ಇಂಜೆಕ್ಷನ್ ಕೋಣೆಯ ಗೋಡೆಗೆ ನನ್ನದೇ ದುಂಡು ಅಕ್ಷರದ ಬೋರ್ಡನ್ನೂ ತೂಗುಹಾಕಿದ್ದೇನೆ: "ಹುಷಾರಾಯಿತೆಂದು ಮದ್ದು ನಿಲ್ಲಿಸಬೇಡಿ." ಅದರಡಿ ಎರಡು ಗೆರೆ ಬೇರೆ.

ಬಂಟ್ವಾಳದಲ್ಲೊಂದು, ಬೆಳ್ತಂಗಡಿಯಲ್ಲೊಂದು ನಮ್ಮ ಸ್ಯಾಂಪಲ್ ತೆಗೆಯುವ ಕೇಂದ್ರಗಳಿವೆ. ಅಲ್ಲಿನ ಮೂತ್ರದ ಬಾಟಲಿಗಳು ಐಸ್ ಪೆಟ್ಟಿಗೆಯಲ್ಲಿ ಕುಳಿತು ಬಸ್ಸಿನಲ್ಲಿ ನನ್ನ ಬಳಿ ಬರುತ್ತವೆ. ನಾನು ಕ್ರಿಮಿಯನ್ನು ಬೆಳೆಸಿ, ಅದು ಯಾವ ಆಂಟಿಬಯೋಟಿಕ್‌ಗೆ ಸಾಯುತ್ತದೆ, ಯಾವುದಕ್ಕೆ ಕ್ಯಾರೇ ಅನ್ನುವುದಿಲ್ಲ ಎಂದು ನೋಡಿ ಕಂಪ್ಯೂಟರಿಗೆ ಸೇರಿಸುತ್ತೇನೆ. ಈ ವರ್ಷ ನಮ್ಮ ದೊಡ್ಡ ಡಾಕ್ಟರಿಗೆ ಒಂದು ಸಂಶಯ ಬಂತು. ಮೂತ್ರದ ಸೋಂಕಿಗೆ ಎಲ್ಲರೂ ಮೊದಲು ಬರೆಯುವ ಆ ಹಳೆಯ ಬಿಳಿ ಮಾತ್ರೆ ಐವತ್ತು ದಾಟಿದ ಗಂಡಸರಿಗೆ ನಾಟುತ್ತಿಲ್ಲವೆಂದು. "ಲೆಕ್ಕ ತೆಗೆಯುವ, ಸದಾನಂದರೇ. ನಾಟುವುದಿಲ್ಲಾಂತಾದ್ರೆ ಮಾತ್ರೆ ಬಂದ್. ಎಲ್ಲರಿಗೂ ಐದು ದಿನ ಇಂಜೆಕ್ಷನ್." ಐದು ದಿನದ ಇಂಜೆಕ್ಷನ್ ಎಂದರೆ ಬೆಳ್ತಂಗಡಿಯ ಗುಡ್ಡದ ಮೇಲಿನ ಮುದುಕರು ದಿನಕ್ಕೆ ಎರಡೆರಡು ಬಸ್ಸು ಬದಲಿಸಿ ಐದು ಸಲ ಬರಬೇಕು. ಬಸ್ಸು ಹತ್ತುವಾಗಲೇ ಅರ್ಧ ಜೀವ ಹೋಗುವವರು ಅವರು. ನನಗೆ ನಿಜವಾಗಿಯೂ ಬೇಸರವಾಯಿತು.

ಲೆಕ್ಕ ತೆಗೆಯಲು ಬಂದವರು ಸಾಹಿರಾ ಟೀಚರ್. ಬಂಟ್ವಾಳದ ವ್ಯಾಪಾರಿ ಮನೆತನದವರು, ಮಿಜಾರಿನ ಕಡೆಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾರೆ. ಅವರು ತಂದ ಪ್ರೋಗ್ರಾಮಿನ ಹೆಸರು ಬರೀ 'ಆರ್'. ಇನಿಷಿಯಲ್ ಮಾತ್ರ, ಹೆಸರೇ ಇಲ್ಲ. ಎರಡು ಶನಿವಾರ ನಾನೂ ಕಲಿಯಲು ನೋಡಿದೆ. ಒಂದು ಕಂಸ ಮುಚ್ಚಲು ಮರೆತರೆ ಪರದೆಯ ತುಂಬ ಕೆಂಪು ಬೈಗುಳ. ಮನೆಯಲ್ಲೂ ನಾನು ಬಾಗಿಲು ಮುಚ್ಚದೆ ಬೈಸಿಕೊಳ್ಳುವವನಾದ್ದರಿಂದ ಅಷ್ಟೇನೂ ನೋವಾಗಲಿಲ್ಲ. ಆದರೆ ಅದರ ಚುರುಕುತನಕ್ಕೆ ಮೆಚ್ಚಬೇಕು. ಒಂದು ಮದ್ದಿನ ಹೆಸರು ಹೇಳಿದರೆ ಅದರ ಕುಟುಂಬ, ಅಣ್ಣತಮ್ಮಂದಿರು ಎಲ್ಲರನ್ನೂ ಎಳೆದು ತರುತ್ತದೆ, ನಮ್ಮೂರಿನ ಮದುವೆಮನೆಯಲ್ಲಿ ಹಿರಿಯರು ಮನೆ ಯಾವುದು, ಬಳಿ ಎಂದರೆ ಕುಲ ಯಾವುದು ಎಂದು ಕೇಳಿ ಸಂಬಂಧ ಪತ್ತೆ ಹಚ್ಚುವ ಹಾಗೆ.

ಟೀಚರ್ ಜರಡಿ ಹಿಡಿದರು. ಮೂತ್ರ ಮಾತ್ರ ಇರಲಿ, ಉಳಿದದ್ದು ಹೋಗಲಿ. ಗಂಡಸರು ಇರಲಿ. ಐವತ್ತು ದಾಟಿದವರು ಇರಲಿ. ಸಾವಿರಾರು ಸಾಲುಗಳು ಸೋಸಿಹೋಗಿ ಕೊನೆಗೆ ಒಂದೇ ಪರದೆಯಲ್ಲಿ ಹಿಡಿಸುವಷ್ಟು ಉಳಿದವು. ಬಿಳಿ ಮಾತ್ರೆಯ ಕಾಲಮ್ಮಿನಲ್ಲಿ 'ನಾಟುವುದಿಲ್ಲ' ಎಂಬುದೇ ಒಂದು ಕೈ ಹೆಚ್ಚು. ಪಕ್ಕದಲ್ಲಿ ನಿಂತಿದ್ದ ಡಾಕ್ಟರು ಮಾತ್ರೆ ಬಂದ್ ಎಂದು ಬರೆಯಲು ಪೆನ್ನಿನ ಟೊಪ್ಪಿ ತೆಗೆದರು.

"ನಿಲ್ಲಿ ಡಾಕ್ಟ್ರೇ," ಎಂದರು ಟೀಚರ್. "ಒಬ್ಬನೇ ರೋಗಿ ಮತ್ತೆ ಮತ್ತೆ ಬಂದಿದ್ರೆ ಅವನ ಮೊದಲ ಸ್ಯಾಂಪಲ್ ಮಾತ್ರ ಹಿಡೀಬೇಕು. ಅದಕ್ಕೂ ಒಂದು ಕಮಾಂಡ್ ಉಂಟು." ಒತ್ತಿದರು. ಒಂದು ಸಾಲೂ ಕಡಿಮೆಯಾಗಲಿಲ್ಲ. "ಎಲ್ಲರೂ ಬೇರೆ ಬೇರೆ ಹೆಸರಿನವರೇ. ಹಾಗಾದ್ರೆ ಸರಿ ಉಂಟು."

ಆಗ ನಾನು ಹೆಸರುಗಳನ್ನು ಓದಿದೆ. ಬಂಟ್ವಾಳ ಕೇಂದ್ರದ ಕೆ. ಸದಾನಂದ: ನಾಟುತ್ತದೆ. ಬೆಳ್ತಂಗಡಿ ಕೇಂದ್ರದ ಸದಾನಂದ ಸಾಲಿಯಾನ್: ನಾಟುವುದಿಲ್ಲ. ಮೂಡುಬಿದಿರೆಯ ಸದಾನಂದ ಬೆಳುವಾಯಿ: ನಾಟುವುದಿಲ್ಲ.

ನಮ್ಮ ಕಡೆ ಒಬ್ಬನಿಗೆ ಮೂರು ಹೆಸರಿರುವುದು ಮೋಸವಲ್ಲ. ಶಾಲೆಗೆ ಇನಿಷಿಯಲ್, ಕುಟುಂಬಕ್ಕೆ ಬಳಿಯ ಹೆಸರು, ಪರಊರಿಗೆ ಹೋದರೆ ಊರಿನ ಹೆಸರು. ಲ್ಯಾಬಿನವನಿಗೇ ಮೂತ್ರದ ಸೋಂಕು ಎಂದರೆ ಇಲ್ಲಿನ ಹುಡುಗಿಯರು ನಗುವುದಿಲ್ಲವೇ ಎಂದು ಮೊದಲ ಸಲ ಬಂಟ್ವಾಳಕ್ಕೆ ಹೋಗಿ ಸ್ಯಾಂಪಲ್ ಕೊಟ್ಟಿದ್ದೆ. ಎರಡನೆಯ ಸಲ ಅಲ್ಲಿಯವರು "ಪುನಃ ಬಂದಿರಾ?" ಎಂದಾರೆಂದು ಬೆಳ್ತಂಗಡಿಗೆ. ಮೂರನೆಯ ಸಲ ಅಷ್ಟು ದೂರ ಹೋಗುವ ತ್ರಾಣವಿಲ್ಲದೆ ನಮ್ಮದೇ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಇಟ್ಟೆ.

ಡಾಕ್ಟರ ಪೆನ್ನು ಕಾಗದ ಮುಟ್ಟಿತು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಗುಡ್ಡದ ಮುದುಕರು ಐದೈದು ದಿನ ಬಸ್ಸು ಹತ್ತುತ್ತಿದ್ದರು.

"ಈ ಮೂವರೂ ಒಬ್ಬನೇ," ಎಂದೆ.

"ನಿಮಗೆ ಹೇಗೆ ಗೊತ್ತು ಸರ್?" ಎಂದರು ಟೀಚರ್.

"ಗೊತ್ತುಂಟು. ತುಂಬ ಹತ್ತಿರದವನು."

ಟೀಚರ್ ಮೂರು ಸಾಲುಗಳನ್ನು ನೋಡಿದರು, ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿದರು, ಆಮೇಲೆ ಬಹಳ ಮರ್ಯಾದೆಯಿಂದ ಕಿಟಕಿಯ ಕಡೆ ನೋಡಿದರು. ಡಾಕ್ಟರಿಗೆ ಅಷ್ಟು ಮರ್ಯಾದೆಯಿಲ್ಲ. "ಎಂತ ಮಾರಾಯ್ರೆ! ಮೊದಲ ಸಲ ನಾಟುತ್ತಿದ್ದ ಮಾತ್ರೆ ಆಮೇಲೆ ಯಾಕೆ ನಾಟಲಿಲ್ಲ? ಪೂರ್ತಿ ತಿಂದಿದ್ದೀರಾ?"

"ನಾಲ್ಕನೇ ದಿನ ಉರಿ ನಿಂತಿತು ಡಾಕ್ಟ್ರೇ," ಎಂದೆ. "ಹುಷಾರಾಯ್ತಲ್ಲಾಂತ..."

ಇಷ್ಟು ವರ್ಷ ಮಾತಾಡಿದ್ದು ಸಾಕಿತ್ತು. ಟೀಚರ್ ಮೂವರು ಸದಾನಂದರಿಗೂ ಒಂದೇ ನಂಬರು ಕೊಟ್ಟು ಮತ್ತೆ ಕಮಾಂಡ್ ಒತ್ತಿದರು. ಎರಡು ಸಾಲು ಜರಡಿಯಲ್ಲಿ ಬಿದ್ದುಹೋದವು. ಉಳಿದಿದ್ದ ಆ ಸ್ವಲ್ಪ ಜನರಲ್ಲಿ ಅಷ್ಟೇ ಸಾಕಾಯಿತು. 'ನಾಟುತ್ತದೆ' ಎಂಬುದು ಮೇಲೆ ಬಂತು, ಬಿಳಿ ಮಾತ್ರೆ ಪಟ್ಟಿಯ ಮೊದಲ ಸಾಲಿನಲ್ಲೇ ಉಳಿಯಿತು. ಗುಡ್ಡದವರು ಬಚಾವಾದರು.

ನಾನು ಬಚಾವಾಗಲಿಲ್ಲ. ಮತ್ತೆ ಬಂದ ಉರಿ ಇನ್ನೂ ಹೋಗಿರಲಿಲ್ಲವಾದ್ದರಿಂದ ಡಾಕ್ಟರು ಅಲ್ಲೇ ಚೀಟಿ ಬರೆದರು, ಐದು ದಿನ ಇಂಜೆಕ್ಷನ್. ಮೂರನೆಯ ದಿನಕ್ಕೆ ಉರಿಯಿಲ್ಲ, ಜ್ವರವಿಲ್ಲ, ಹೂವಿನಂತೆ ಹಗುರಾಗಿದ್ದೆ. "ಸಾಕಲ್ವಾ ಸಿಸ್ಟರ್? ನಂಗೆ ಹುಷಾರುಂಟು," ಎಂದೆ. ಸಿಸ್ಟರ್ ಸೂಜಿ ಹಿಡಿದ ಕೈಯಿಂದಲೇ ಗೋಡೆಯ ಬೋರ್ಡು ತೋರಿಸಿದರು. ಅಕ್ಷರ ಚೆನ್ನಾಗಿಯೇ ಇತ್ತು. ಅಂಗಿಯ ತೋಳು ಮೇಲಕ್ಕೆ ಮಡಚಿದೆ.